ಬಿಸಿಲಿಗೆ ಸಬ್ಸಿಡಿ, ನೆರಳು ಫ್ರೀ

ತುಮಕೂರಿನಲ್ಲಿ ಮನೆ ಮೇಲೊಂದು ಮನೆ ಕಟ್ಟಿಸಿಕೊಂಡವರಿಗೆಲ್ಲ ಏಪ್ರಿಲ್ ತಿಂಗಳಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಕೆಳಗಿನದನ್ನು ಬಾಡಿಗೆಗೆ ಕೊಟ್ಟು ನಾವ್ಯಾಕೆ ಮೇಲಕ್ಕೆ ಬಂದೆವು? ಬಾಡಿಗೆಯವರು ಕೆಳಗೆ ಹೊದಿಕೆ ಹೊದ್ದು ಮಲಗಿರುತ್ತಾರೆ. ಮಾಲೀಕರು ಮೇಲೆ ಒದ್ದೆ ಟವೆಲ್ ಹೊದ್ದು ಫ್ಯಾನ್ ನೋಡುತ್ತಾ ಬಿದ್ದಿರುತ್ತಾರೆ.

ಆರ್‌ಸಿಸಿ ಚಾವಣಿಯ ಗುಣವೇ ಹಾಗೆ. ಹಗಲೆಲ್ಲ ಬಿಸಿಲು ಹೀರಿಕೊಂಡು, ರಾತ್ರಿ ನಾವು ಮಲಗಿದ ಮೇಲೆ ನಿಧಾನಕ್ಕೆ ಬಿಡುತ್ತದೆ. ಹತ್ತು ಗಂಟೆಗೆ ಬೀದಿಯಲ್ಲಿ ತಂಗಾಳಿ ಇದ್ದರೂ ನಮ್ಮ ರೂಮಿನ ಫ್ಯಾನ್ ಚಾವಣಿಯ ಕಾವನ್ನೇ ಕೆಳಕ್ಕೆ ತಳ್ಳುತ್ತಿರುತ್ತದೆ. ಎಸಿ ಹಾಕಿಸೋಣ ಎಂದರೆ ನನ್ನ ಹೆಂಡತಿ ಒಪ್ಪುವುದಿಲ್ಲ. "ರೀ, ಇನ್ನೂರು ಯೂನಿಟ್ ದಾಟಿದ್ರೆ ಗೃಹಜ್ಯೋತಿ ಕೈ ಬಿಡುತ್ತೆ. ಪೂರ್ತಿ ಬಿಲ್ ಕಟ್ಟಬೇಕು." 2023ರಿಂದ ನಮ್ಮ ಮನೆಯಲ್ಲಿ ಮೀಟರ್ ಓದುವುದು ಇಲಾಖೆಯವರಿಗಿಂತ ಅವಳೇ ಜಾಸ್ತಿ. ಇಸ್ತ್ರಿ ಪೆಟ್ಟಿಗೆ ಬಿಸಿಯಾಗುವ ಮೊದಲೇ ಸ್ವಿಚ್ ಆರಿಸಿರುತ್ತಾಳೆ.

ಹೀಗಿರುವಾಗ ತಮ್ಮನ ಮಗ ಇಂಗ್ಲೆಂಡಿನ ಲೀಡ್ಸ್‌ನಿಂದ ಫೋನ್ ಮಾಡಿದ. ಅಲ್ಲೊಂದು ಹಳೇ ಮನೆ ಕೊಂಡಿದ್ದಾನೆ. "ದೊಡ್ಡಪ್ಪ, ನಮ್ಮನೆ ಅಟ್ಟಕ್ಕೆ ಇನ್ಸುಲೇಷನ್ ಹಾಕಿಸಿದ್ವಿ. ಸರ್ಕಾರದ್ದೇ ಸ್ಕೀಮು!" ಅಂದ. ಅಲ್ಲಿ 2023ರಲ್ಲಿ ಗ್ರೇಟ್ ಬ್ರಿಟಿಷ್ ಇನ್ಸುಲೇಷನ್ ಸ್ಕೀಮ್ ಅಂತ ಶುರುವಾಯಿತು. ಅಲ್ಲಿ ಮನೆಗಳಿಗೂ ಗ್ರೇಡ್ ಕೊಡುತ್ತಾರೆ, ಎ ಇಂದ ಜಿ ತನಕ. ಎಷ್ಟು ಇಂಧನ ಪೋಲಾಗುತ್ತದೆ ಅನ್ನುವುದರ ಮೇಲೆ ಅಂಕ. ಡಿ ಅಥವಾ ಅದಕ್ಕಿಂತ ಕೆಳಗೆ ಬಂದ ಮನೆಗೆ ಮಾತ್ರ ಆ ಸ್ಕೀಮಿನ ಸಹಾಯ ಸಿಗುತ್ತಿತ್ತು. ನಾನು ಮೇಷ್ಟ್ರು. ಫೇಲಾದವರಿಗೆ ಬಹುಮಾನ ಕೊಡುವ ಪದ್ಧತಿಯನ್ನು ಅರಗಿಸಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. "ನಮ್ಮನೆಗೆ ಇ ಬಂತು ದೊಡ್ಡಪ್ಪ" ಎಂದು ಅವನು ಹಿಗ್ಗುತ್ತಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಡಿಸ್ಟಿಂಕ್ಷನ್ ಬಂದಾಗಲೂ ಅವನು ಇಷ್ಟು ಹಿಗ್ಗಿರಲಿಲ್ಲ.

ಅಟ್ಟದ ತುಂಬ ಗಾಜಿನ ನಾರಿನ ಉಣ್ಣೆಯನ್ನು 270 ಮಿಲಿಮೀಟರ್ ದಪ್ಪಕ್ಕೆ ಹಾಸಿ, ಮನೆಗೆ ರಜಾಯಿ ಹೊದಿಸಿದ ಹಾಗೆ ಮಾಡುತ್ತಾರಂತೆ. ಅವರಿಗೆ ಒಳಗಿನ ಬಿಸಿ ಹೊರಗೆ ಹೋಗಬಾರದು. ನಮಗೆ ಹೊರಗಿನ ಬಿಸಿ ಒಳಗೆ ಬರಬಾರದು. ಬಾಗಿಲು ಒಂದೇ, ಕಳ್ಳ ಮಾತ್ರ ಬೇರೆ ಕಡೆಯಿಂದ ಬರುತ್ತಾನೆ. ಹಾಗಂತ ಅವರಿಗೆ ಸೆಕೆಯೇ ಗೊತ್ತಿಲ್ಲ ಎನ್ನುವಂತಿಲ್ಲ. 2022ರ ಜುಲೈ 19ರಂದು ಆ ದೇಶದಲ್ಲಿ 40.3 ಡಿಗ್ರಿ ಆಗಿತ್ತು. ಅವತ್ತು ಇದೇ ಹುಡುಗ ಫೋನ್ ಮಾಡಿ "ನೀವೆಲ್ಲ ಹೇಗೆ ಬದುಕಿದ್ದೀರಿ?" ಎಂದು ಕೇಳಿದ್ದ. ಮಜ್ಜಿಗೆ ಕುಡಿ ಅಂದಿದ್ದೆ.

ಫೋನ್ ಸ್ಪೀಕರಿನಲ್ಲಿತ್ತು. ನನ್ನ ಹೆಂಡತಿ ಪೂರ್ತಿ ಕೇಳಿಸಿಕೊಂಡಿದ್ದಳು. "ಅವರ ಸರ್ಕಾರ ಕೊಡೋದಾದ್ರೆ ನಮ್ಮದೂ ಏನಾದ್ರೂ ಇಟ್ಟಿರುತ್ತೆ. ಹೋಗಿ ಕೇಳಿ, ಕೇಳೋಕೇನು ದುಡ್ಡು ಕೊಡಬೇಕಾ?"

ಹೋದೆ. ಕಚೇರಿಯ ಹೆಸರು ಬೇಡ. ಮೇಜಿನ ಆಚೆಗಿದ್ದವರು ಒಳ್ಳೆಯವರೇ, ಕುಳಿತುಕೊಳ್ಳಿ ಅಂದರು.

"ಮನೆ ಇದೆಯಾ ಸಾರ್?"

"ಇದೆ."

"ಮನೆ ಇಲ್ಲದವರಿಗೆ ಯೋಜನೆ ಇದೆ. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು, ಅವರಿಗೆ."

"ಮನೆ ಬೇಡ. ಚಾವಣಿಗೆ ಏನಾದರೂ?"

"ಚಾವಣಿ ಇದೆಯಲ್ಲ?"

"ಇದೆ. ಆದರೆ ಬಿಸಿಯಾಗುತ್ತೆ."

ಅವರು ಮುಖ ನೋಡಿದರು. "ಸೋರುತ್ತಾ?"

"ಇಲ್ಲ, ಗಟ್ಟಿಯಾಗಿದೆ."

"ಗಟ್ಟಿಯಾಗಿದ್ರೆ ಕಷ್ಟ ಸಾರ್" ಎಂದು ಅವರು ನಿಜವಾಗಿಯೂ ಬೇಜಾರು ಮಾಡಿಕೊಂಡರು. ಪಕ್ಕದ ಮೇಜಿನವರು ಇನ್ನಷ್ಟು ಮಾಹಿತಿ ಸೇರಿಸಿದರು. ತೆಲಂಗಾಣದಲ್ಲಿ 2023ರಲ್ಲಿ ಕೂಲ್ ರೂಫ್ ನೀತಿ ಬಂದಿದೆಯಂತೆ. 600 ಚದರ ಗಜ ದಾಟಿದ ಹೊಸ ಮನೆಗಳಿಗೆ ತಂಪು ಚಾವಣಿ ಕಡ್ಡಾಯವಂತೆ. ನಮ್ಮದು ತುಮಕೂರಿನಲ್ಲಿ ಮೂವತ್ತು ನಲವತ್ತರ ಸೈಟು. ರಾಜ್ಯವನ್ನೂ ಬದಲಾಯಿಸಿ ಸೈಟನ್ನೂ ನಾಲ್ಕು ಪಟ್ಟು ಮಾಡಿದರೂ ನಾವು ಅದರೊಳಗೆ ಬರುತ್ತಿರಲಿಲ್ಲ.

ಮನೆಗೆ ಬಂದು ಹೇಳಿದಾಗ ಅಮ್ಮ ನಕ್ಕಳು. ಅವಳ ತವರು ಶಿರಾ ಕಡೆ. ಅಲ್ಲಿದ್ದದ್ದು ಮಾಳಿಗೆ ಮನೆ. ಮರದ ತೊಲೆ, ಮೇಲೆ ಮಣ್ಣು, ಅದರ ಮೇಲೆ ಚೌಳುಮಣ್ಣು. ಮಳೆಗಾಲಕ್ಕೆ ಮುಂಚೆ ಹೊಸದಾಗಿ ಚೌಳು ಹಾಕಿದರೆ ಮಳೆ ನೀರು ಒಳಗೆ ಇಳಿಯುತ್ತಿರಲಿಲ್ಲ, ಬೇಸಿಗೆಯಲ್ಲಿ ಬಿಸಿಲೂ ಇಳಿಯುತ್ತಿರಲಿಲ್ಲ. "ತಣ್ಣಗಿದ್ದ ಮನೆ ಕೆಡವಿ ನಿಮ್ಮ ಮಾವಂದಿರು ಮೋಲ್ಡ್ ಹಾಕಿಸಿದ್ರು. ಈಗ ಅವರೂ ಬೇವಿನ ಮರದ ಕೆಳಗೇ ಮಲಗ್ತಾರೆ." ಅಂದರೆ ನಮ್ಮ ಅಜ್ಜನ ಕಾಲದಲ್ಲಿ ಇದ್ದದ್ದನ್ನು ಹೊಡೆದು ಹಾಕಿ, ಈಗ ಅದಕ್ಕೇ ಸಬ್ಸಿಡಿ ಹುಡುಕುತ್ತಿದ್ದೇವೆ. ಇದನ್ನು ಜೋರಾಗಿ ಹೇಳಲಿಲ್ಲ. ಆಗ ಮೋಲ್ಡ್ ಮನೆ ಅಂದರೆ ಊರಿನಲ್ಲಿ ಗೌರವ, ಹೆಣ್ಣು ಕೊಡುವವರೂ ಮೊದಲು ಚಾವಣಿಯನ್ನೇ ನೋಡುತ್ತಿದ್ದರು.

ಮೊದಲು ಸುಣ್ಣ ಬಳಿದು ನೋಡಿದೆವು. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಅದು ಸುಳ್ಳಲ್ಲ. ರೂಮು ನಿಜಕ್ಕೂ ಒಂದಿಷ್ಟು ತಣ್ಣಗಾಯಿತು. ಆದರೆ ಮೇ ತಿಂಗಳ ಮೊದಲ ಆಲಿಕಲ್ಲು ಮಳೆಗೆ ಸುಣ್ಣವೆಲ್ಲ ಪೈಪಿನಲ್ಲಿ ಇಳಿದು ಬಾಡಿಗೆಯವರ ಕರಿ ಬಣ್ಣದ ಬೈಕಿನ ಮೇಲೆ ಕೂತಿತು.

ದಾರಿ ತೋರಿಸಿದವರು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು. "ಚಾವಣಿಗೆ ಬೇಕಾಗಿರೋದು ನೆರಳು. ನೆರಳಿಗೆ ಯಾರೂ ದುಡ್ಡು ಕೊಡಲ್ಲ. ಆದ್ರೆ ಸೋಲಾರ್ ಪ್ಯಾನೆಲ್‌ಗೆ ಕೊಡ್ತಾರೆ. ಪ್ಯಾನೆಲ್ ಇದ್ದ ಕಡೆ ನೆರಳು ಇದ್ದೇ ಇರುತ್ತಲ್ಲ?" ಸ್ಟಾಫ್ ರೂಮು ಒಂದು ಕ್ಷಣ ಸುಮ್ಮನಾಯಿತು. ಇಂಥ ಮಾತು ಅಲ್ಲಿ ದಿನಾ ಕೇಳಲು ಸಿಗುವುದಿಲ್ಲ.

ಪಿಎಂ ಸೂರ್ಯಘರ್ ಯೋಜನೆ ಶುರುವಾದದ್ದು 2024ರ ಫೆಬ್ರವರಿಯಲ್ಲಿ. ಒಂದು ಕೋಟಿ ಮನೆಗಳ ಗುರಿ. ಒಂದು ಕಿಲೋವಾಟ್‌ಗೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕಿಂತ ಜಾಸ್ತಿ ಹಾಕಿಸಿದರೂ 78,000 ರೂಪಾಯಿ, ಅಷ್ಟೇ. ಒಂದು ಕಿಲೋವಾಟ್‌ಗೆ ಸುಮಾರು ನೂರು ಚದರ ಅಡಿ ಜಾಗ ಬೇಕು. ಬೇರೆಯವರು ಎಷ್ಟು ಯೂನಿಟ್ ಬರುತ್ತದೆ ಎಂದು ಲೆಕ್ಕ ಹಾಕುತ್ತಾರೆ. ನಾವು ಎಷ್ಟು ಅಡಿ ನೆರಳು ಬರುತ್ತದೆ ಎಂದು ಲೆಕ್ಕ ಹಾಕಿ ಮೂರು ಕಿಲೋವಾಟ್ ಅಂತ ತೀರ್ಮಾನ ಮಾಡಿದೆವು.

ಪಕ್ಕದ ಮನೆ ಯಜಮಾನರು ಕಾಂಪೌಂಡಿನ ಆಚೆಯಿಂದ ಕೇಳಿದರು. "ಮೇಷ್ಟ್ರೇ, ಕರೆಂಟು ಹೇಗೂ ಬಿಟ್ಟಿ ಬರ್ತಿದೆ. ಸೋಲಾರ್ ಯಾಕೆ?"

"ನೆರಳಿಗೆ" ಅಂದೆ.

ಅವರು ನನ್ನನ್ನು ಬಿಟ್ಟು ನನ್ನ ಹೆಂಡತಿಯ ಕಡೆ ಕನಿಕರದಿಂದ ನೋಡಿದರು.

ಅರ್ಜಿ ಹಾಕಲು ಕೂತಾಗ ಅಪ್ಪ ಅಡ್ಡ ಬಂದರು. ಅಪ್ಪ ಹೋಗಿ ವರ್ಷಗಳಾದವು. ಮನೆಯ ಖಾತೆ ನನ್ನ ಹೆಸರಿಗೆ ಆಗಿದೆ. ಮೀಟರ್ ಮಾತ್ರ ಇನ್ನೂ ಅವರ ಹೆಸರಿನಲ್ಲೇ ಓಡುತ್ತಿತ್ತು. ಗೃಹಜ್ಯೋತಿಗೆ ನನ್ನ ಆಧಾರ್ ಜೋಡಿಸಿದರೆ ಸಾಕಾಗಿತ್ತು, ಮನೆಯಲ್ಲಿ ವಾಸ ಇರುವವರು ಯಾರಾದರೂ ಸರಿ. ಇಲ್ಲಿ ಹಾಗಲ್ಲ. ಬಿಲ್ಲಿನಲ್ಲಿರುವ ಹೆಸರಿನವರೇ ಅರ್ಜಿದಾರರು, ಅವರ ಬ್ಯಾಂಕ್ ಖಾತೆಗೇ ಸಬ್ಸಿಡಿ. ಮರಣ ಪತ್ರ, ವಂಶವೃಕ್ಷ, ಖಾತಾ ನಕಲು, ಛಾಪಾ ಕಾಗದದ ಮೇಲೆ ಅಮ್ಮನ ಒಪ್ಪಿಗೆ. ಕರೆಂಟ್ ಆಫೀಸಿನಲ್ಲಿ ಒಬ್ಬರು ಫೈಲ್ ನೋಡುತ್ತಾ "ಗ್ರಾಹಕರನ್ನೇ ಒಂದ್ಸಲ ಕರ್ಕೊಂಡು ಬನ್ನಿ ಸಾರ್" ಅಂದರು. ಅವರ ಕೈಯಲ್ಲಿದ್ದದ್ದು ಮರಣ ಪತ್ರ. ಆಮೇಲೆ ಅವರಿಗೇ ನಗು ಬಂತು, ಫೈಲ್ ಬೇಗ ಮುಂದಕ್ಕೆ ಹೋಯಿತು. ಅಪ್ಪ ಇದ್ದಾಗಲೂ ಎಷ್ಟೋ ಕೆಲಸ ಹೀಗೇ ಮಾಡಿಸಿಕೊಡುತ್ತಿದ್ದರು.

ಇನ್ನೊಂದು ತಕರಾರು ಚಾವಣಿಯ ಮೇಲೇ ಕಾದಿತ್ತು. ಪ್ಯಾನೆಲ್ ಹಾಕುವ ಹುಡುಗರು ಮೊಬೈಲಿನಲ್ಲಿ ದಿಕ್ಕು ನೋಡಿ, ದಕ್ಷಿಣಕ್ಕೆ ಮುಖ ಇರಬೇಕು, ನೀರಿನ ಟ್ಯಾಂಕಿನ ನೆರಳು ಬೀಳಬಾರದು ಎಂದು ಇಡೀ ಚಾವಣಿ ಸುತ್ತಿ ಒಂದು ಜಾಗದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದರು. ಆ ಗೆರೆಯ ಒಳಗೆ ಅಮ್ಮನ ಹುಣಸೆಹಣ್ಣು ಒಣಗುತ್ತಿತ್ತು. ಪಕ್ಕದಲ್ಲಿ ಬ್ಯಾಡಗಿ ಮೆಣಸಿನಕಾಯಿ, ಅದರಾಚೆ ಪಂಚೆಯ ಮೇಲೆ ಅರಳು ಸಂಡಿಗೆ. ಯಾವ ಮೊಬೈಲೂ ಇಲ್ಲದೆ ಅಮ್ಮ ಎಷ್ಟೋ ವರ್ಷದ ಹಿಂದೆಯೇ ಆ ಜಾಗ ಕಂಡುಹಿಡಿದಿದ್ದಳು.

ನನ್ನ ಹೆಂಡತಿಯದು ಬೇರೆಯೇ ಗೋಳು. "ಇವರು ಹಾಲ್ ಮೇಲೆ ಹಾಕ್ತಿದ್ದಾರಲ್ರೀ! ನಾವು ಮಲಗೋದು ಬೆಡ್‌ರೂಮಲ್ಲಿ!" ಬೆಡ್‌ರೂಮಿನ ಮೇಲೆ ಟ್ಯಾಂಕು. ಹುಡುಗರಿಗೆ ಕೇಳಿದೆ, ಸ್ವಲ್ಪ ಪಕ್ಕಕ್ಕೆ ಜರುಗಿಸಬಹುದಾ ಅಂತ. "ಅಲ್ಲಿ ಬಿಸಿಲು ಕಮ್ಮಿ ಸಾರ್" ಅಂದರು. ನಮಗೆ ಬೇಕಾಗಿದ್ದದ್ದೂ ಅದೇ ಎಂದು ಅವರಿಗೆ ಹೇಗೆ ಹೇಳುವುದು? ಪ್ಯಾನೆಲ್ ಬೆಡ್‌ರೂಮಿಗೆ ಬರಲಿಲ್ಲ. ಮಂಚವೇ ಹಾಲಿಗೆ ಬಂತು. ಈಗ ಮನೆಗೆ ಬಂದವರು ಸೋಫಾದಲ್ಲಿ ಕೂತರೆ ಅವರ ಮೊಣಕಾಲು ಮಂಚಕ್ಕೆ ತಾಗುತ್ತದೆ. ಕಾಫಿ ಕೊಡುವಾಗ ನನ್ನ ಹೆಂಡತಿ ಮಂಚ ಸುತ್ತಿ ಬರಬೇಕು. ಆದರೆ ನಿದ್ದೆ ಬರುತ್ತಿದೆ. ಹನ್ನೊಂದು ಗಂಟೆಗೆ ಗೋಡೆ ಮುಟ್ಟಿದರೆ ತಣ್ಣಗಿರುತ್ತದೆ, ಅದನ್ನು ಮುಟ್ಟಿ ನೋಡುವುದೇ ಒಂದು ಸಂಭ್ರಮ.

ಕೆಲಸ ಮುಗಿದ ಮೇಲೆ ಫೋಟೋ. ಅರ್ಜಿದಾರ ಪ್ಯಾನೆಲ್ ಪಕ್ಕ ನಿಂತಿರಬೇಕು, ಜಾಗದ ಅಕ್ಷಾಂಶ ರೇಖಾಂಶ ಫೋಟೋದಲ್ಲೇ ಮೂಡಬೇಕು. ಮಟಮಟ ಮಧ್ಯಾಹ್ನ, ಬರಿಗಾಲಲ್ಲಿ ಕುಣಿಯುತ್ತಾ ನಿಂತೆ. ಅಮ್ಮ ಕೊಡೆ ಹಿಡಿದು ಬಂದು ಪಕ್ಕದಲ್ಲಿ ನಿಂತಳು. "ಅಜ್ಜಿ, ಸಾರ್ ಒಬ್ರೇ ಬರಬೇಕು" ಅಂದ ಹುಡುಗ. "ಜಾಗ ನಂದು ಕಣಪ್ಪ" ಅಂದಳು. ಅವಳನ್ನು ಎರಡು ಹೆಜ್ಜೆ ಹಿಂದಕ್ಕೆ ಕಳಿಸುವುದರಲ್ಲಿ ಹುಡುಗನ ಬೆವರಿಳಿಯಿತು. ಅಪ್‌ಲೋಡ್ ಆದ ಫೋಟೋದಲ್ಲಿ ಬಲಗಡೆ ಕೊಡೆಯ ತುದಿ ಇದೆ, ಎಡಗಡೆ ಮೂಲೆಯಲ್ಲಿ ಒಂದು ಮೊರ ಹುಣಸೆಹಣ್ಣು. ಕೇಂದ್ರ ಸರ್ಕಾರದ ದಾಖಲೆಯಲ್ಲಿ ಅದೂ ಸೇರಿಹೋಯಿತು.

ಕೆಲವು ವಾರ ಎಲ್ಲ ಚೆನ್ನಾಗಿತ್ತು. ಒಂದು ದಿನ ಪ್ಯಾನೆಲ್ ಹುಡುಗ ಫೋನ್ ಮಾಡಿದ. ಅವನ ಮೊಬೈಲಿನಲ್ಲಿ ನಮ್ಮ ಮನೆಯ ಉತ್ಪಾದನೆ ಕಾಣುತ್ತದೆ.

"ಸಾರ್, ಬೆಳಗ್ಗೆ ಒಂಬತ್ತರಿಂದ ಯೂನಿಟ್ ಬೀಳ್ತಿಲ್ಲ. ಮೋಡ ಇದೆಯಾ?"

"ಇಲ್ಲಪ್ಪ, ಸುಡು ಬಿಸಿಲು."

"ಮರಗಿರ ಏನಾದ್ರೂ ಅಡ್ಡ ಬಂತಾ? ಒಂದು ಪ್ಯಾನೆಲ್‌ಗೆ ನೆರಳು ಬಿದ್ರೂ ಉಳಿದವು ಮಂಕಾಗ್ತವೆ."

ಮೇಲೆ ಹೋಗಿ ನೋಡಿದೆ. ಪ್ಯಾನೆಲ್‌ಗಳ ಕೆಳ ಅಂಚು ಸೊಂಟದ ಎತ್ತರಕ್ಕಿದೆ. ಅಮ್ಮ ಅಪ್ಪನ ಹಳೇ ಪಂಚೆಯ ನಾಲ್ಕೂ ತುದಿಯನ್ನು ಕಬ್ಬಿಣದ ಕಾಲುಗಳಿಗೆ ಕಟ್ಟಿ, ಗಾಜಿನ ಮೇಲೆ ಸಾಲಾಗಿ ಸಂಡಿಗೆ ಇಟ್ಟಿದ್ದಳು. ಮೂರು ಕಿಲೋವಾಟಿನ ಮೇಲೆ ಎರಡು ಸೇರು ಸಂಡಿಗೆ. "ಎಷ್ಟು ಬೇಗ ಒಣಗುತ್ತೆ ಗೊತ್ತಾ? ಧೂಳೂ ಇಲ್ಲ, ಇರುವೆಯೂ ಹತ್ತಲ್ಲ. ಸರ್ಕಾರ ಒಳ್ಳೇದೇ ಮಾಡಿದೆ" ಅಂದಳು. ಹುಡುಗನಿಗೆ ಏನು ಹೇಳಲಿ? ಸಣ್ಣ ತೊಂದರೆ, ಸರಿ ಮಾಡುತ್ತೇನೆ ಅಂದೆ.

78,000 ಬ್ಯಾಂಕಿಗೆ ಬಂದ ಮೆಸೇಜನ್ನು ನನ್ನ ಹೆಂಡತಿ ಜೋರಾಗಿ ಓದಿದ್ದೇ ತಪ್ಪಾಯಿತು. ಅಮ್ಮನಿಗೆ ಪಾವಗಡದಲ್ಲಿ ನೆಂಟರಿದ್ದಾರೆ. ನಮ್ಮ ಜಿಲ್ಲೆಯ ಆ ಸೋಲಾರ್ ಪಾರ್ಕು ಸುಮಾರು 13,000 ಎಕರೆ, 2,050 ಮೆಗಾವಾಟ್. ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ.

"ಅಲ್ಲಿ ಎಕರೆಗೆ ವರ್ಷಕ್ಕೆ 21,000ದಿಂದ ಶುರು ಮಾಡಿದ್ರಂತೆ. ಎರಡು ವರ್ಷಕ್ಕೊಂದ್ಸಲ ನೂರಕ್ಕೆ ಐದು ಏರಿಸ್ತಾರಂತೆ. ನನ್ನ ಬಿಸಿಲಿನ ಜಾಗಕ್ಕೆ ನೀನೆಷ್ಟು ಕೊಡ್ತೀಯ?"

ನನ್ನ ಹೆಂಡತಿ ಮೊಬೈಲಿನಲ್ಲಿ ಗುಣಿಸಿ ನೋಡಿದಳು. ಮುನ್ನೂರು ಚದರ ಅಡಿಗೆ ವರ್ಷಕ್ಕೆ 144 ರೂಪಾಯಿ ಚಿಲ್ಲರೆ ಆಗುತ್ತದೆ. ಅಮ್ಮ ಇದು ಪಟ್ಟಣದ ಜಾಗ, ಹೊಲದ ರೇಟು ಒಪ್ಪಲ್ಲ ಅಂದಳು. ಇನ್ನೂರಕ್ಕೆ ಮಾತಾಯಿತು. ಏರಿಕೆ ಪಾವಗಡದ್ದೇ. ಮೊದಲ ವರ್ಷದ್ದನ್ನು ಮುಂಗಡ ಕೇಳಿದಳು, ಅದೂ ನಗದು.