ಇಂಟರ್‌ಲಾಕ್ ಹಾದಿಯ ಮಳೆಗಾಲ

ನಡೆಯಲಿಕ್ಕೆಂದೇ ದಾರಿ ಮಾಡುವುದು ಕಾಸರಗೋಡಿನ ಕಡೆ ಹೊಸ ಚಾಳಿ. ಮೊದಲು ಗದ್ದೆಯಲ್ಲಿ ಕಟ್ಟಪುಣಿ, ತೋಡಿಗೆ ಅಡಿಕೆ ಮರದ ಸಂಕ. ಅದರ ಮೇಲೆ ದಾಟಿದ್ದನ್ನು ಯಾರೂ ವ್ಯಾಯಾಮದ ಲೆಕ್ಕಕ್ಕೆ ಹಿಡಿದವರಲ್ಲ. ಈಗ ಊರಿಗೆಲ್ಲ ಸಕ್ಕರೆ ಕಾಯಿಲೆ, ನಡೆಯಿರಿ ಎಂದು ಡಾಕ್ಟರರ ಅಪ್ಪಣೆ. ಹೆದ್ದಾರಿ 66ರ ಬದಿಯಲ್ಲಿ ನಡೆಯಹೊರಟರೆ ಸಕ್ಕರೆಗಿಂತ ಮೊದಲು ಟಿಪ್ಪರ್ ನಮ್ಮನ್ನು ಮುಗಿಸೀತು. ಹಾಗಾಗಿ ಹೊಳೆಬದಿ, ಕಡಲಬದಿ, ಮೈದಾನದ ಸುತ್ತ ಇಂಟರ್‌ಲಾಕ್, ಎಂದರೆ ಒಂದಕ್ಕೊಂದು ಒತ್ತಿ ಕೂರುವ ಕಾಂಕ್ರೀಟ್ ಬ್ಲಾಕ್, ಹಾಸಿದ ಹಾದಿಗಳು.

ಇಂಥ ಹಾದಿಯ ಯೋಗ್ಯತೆ ತಿಳಿಯಬೇಕಾದರೆ ಉದ್ಘಾಟನೆಯ ದಿನ ಹೋಗಿ ಪ್ರಯೋಜನವಿಲ್ಲ, ಮಳೆ ಹೊಯ್ಯುವ ಆಟಿ ತಿಂಗಳಲ್ಲಿ ಹೋಗಬೇಕು. ವರ್ಷಕ್ಕೆ 3000 ಮಿ.ಮೀ. ಮೀರುವ ಮಳೆಯ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದುಬಿಡುತ್ತದೆ. ಕಾಲಿಟ್ಟ ಬ್ಲಾಕ್ ಡುಬುಕ್ಕೆಂದು ವಾಲಿ, ಸಂದಿನಿಂದ ಕೆಂಪು ನೀರು ಚಿಮ್ಮಿ ಬಿಳಿ ಮುಂಡಿನ ಅಂಚಿಗೆ ಬಣ್ಣ ಹಾಕಿದರೆ ಜನ ಬ್ಲಾಕಿಗೆ ಬೈಯುತ್ತಾರೆ. ಪಾಪ, ತಪ್ಪು ಅದರದ್ದಲ್ಲ. 60 ಮಿ.ಮೀ. ದಪ್ಪದ ಬ್ಲಾಕ್ ಕೂತಿರುವುದು ಸುಮಾರು 30 ಮಿ.ಮೀ. ಹೊಯಿಗೆಯ (ಮರಳಿನ) ಮೇಲೆ, ಹೊಯಿಗೆ ಕೂತಿರುವುದು ಗಟ್ಟಿಸಿದ ಜಲ್ಲಿಯ ಮೇಲೆ. ಹೊಯಿಗೆ ಜಾರದಂತೆ ಹಿಡಿಯುವುದು ಎರಡೂ ಬದಿಯ ಅಂಚುಕಲ್ಲು ಮಾತ್ರ. ಅದನ್ನು ಕಾಂಕ್ರೀಟಿನಲ್ಲಿ ಹೂಳದೆ ಬರಿ ಮಣ್ಣಿನಲ್ಲಿ ನಿಲ್ಲಿಸಿದರೆ ಮೊದಲ ಜೋರು ಮಳೆಗೆ ಕಲ್ಲು ವಾಲುತ್ತದೆ, ಹಿಂದೆಯೇ ಹೊಯಿಗೆ ಹೊರಡುತ್ತದೆ. ಅಡಿಯಲ್ಲಿ ನೀರಿಗೆ ಮೆತ್ತಗಾಗುವ ಶೇಡಿಮಣ್ಣು ತುಂಬಿದ್ದರಂತೂ ಕೇಳುವುದೇ ಬೇಡ.

ಬ್ಲಾಕ್‌ಗಳ ನಡುವೆ ಎರಡು-ಮೂರು ಮಿ.ಮೀ. ಸಂದು ಬಿಟ್ಟು, ನಯವಾದ ಒಣ ಹೊಯಿಗೆಯನ್ನು ಗುಡಿಸಿ ತುಂಬಿ, ಕಂಪನ ಯಂತ್ರ ಓಡಿಸಿ, ಮತ್ತೆ ಗುಡಿಸಬೇಕು. ಒಣ ಎಂಬಲ್ಲೇ ತೊಡಕು. ಮಾರ್ಚಿನಲ್ಲಿ ವರ್ಷದ ಲೆಕ್ಕ ಮುಗಿಯುವ ಮೊದಲು ಬಿಲ್ಲಿಗಾಗಿ ಶುರುವಾದ ಕೆಲಸ ಮೇ ತಿಂಗಳ ಕೊನೆಗೆ ಬಂದಾಗ ಹೊಯಿಗೆ ಒದ್ದೆ. ಅದು ಸಂದಿಗೆ ಇಳಿಯದೆ ಮೇಲೆಯೇ ಮುದ್ದೆಗಟ್ಟುತ್ತದೆ.

ನೀರು ಹರಿದುಹೋಗಲು ಎರಡು ಮೀಟರ್ ಅಗಲಕ್ಕೆ ಒಂದು ಬದಿ ನಾಲ್ಕು ಸೆಂಟಿಮೀಟರ್ ತಗ್ಗಿದ್ದರೆ ಸಾಕು. ಗುಡ್ಡೆ ಇರುವ ಬದಿಗೆ ಕಣಿ (ಚರಂಡಿ) ಬೇರೆಯೇ ಬೇಕು, ಇಲ್ಲವಾದರೆ ಗುಡ್ಡೆಯ ನೀರಿಗೆ ಹಾದಿಯೇ ಕಣಿ. ಕಣಿಗೆ ಮುಚ್ಚುವ ಕಬ್ಬಿಣದ ಜಾಲರಿಯ ಸರಳುಗಳು ಹಾದಿಗೆ ಅಡ್ಡಲಾಗಿರಬೇಕು. ಉದ್ದಕ್ಕಿಟ್ಟರೆ ಸೈಕಲ್ಲಿನ ಸಪೂರ ಚಕ್ರ ನಡುವೆ ಸಿಕ್ಕಿಕೊಂಡು ಸವಾರ ಮುಂದಕ್ಕೆ ಹಾರುತ್ತಾನೆ. ಜಾಲರಿಯನ್ನು ತಿರುಗಿಸಿಡಲು ಐದು ನಿಮಿಷ ಸಾಕು, ಆದರೂ ತಿರುಗಿಸುವವರಿಲ್ಲ.

ನೆರಳಿರುವಲ್ಲಿ ಪಾಚಿ ಖಂಡಿತ. ಮನೆಯಂಗಳಕ್ಕೆ ಅಡಿಕೆ ಸೋಗೆ ಹಾಸಿ ಬಚಾವಾಗುತ್ತಿದ್ದೆವು. ಸಾರ್ವಜನಿಕ ಹಾದಿಗೆ ಬ್ಲೀಚಿಂಗ್ ಪೌಡರ್ ಮತ್ತು ಗಟ್ಟಿ ಹಿಡಿಸೂಡಿಯೇ ಗತಿ. ಚಂದಕ್ಕೆಂದು ಮಿನುಗುವ ಟೈಲ್ಸ್ ಹಾಕುವವರಿಗೆ ಮಾತ್ರ ಯಾವ ಮದ್ದೂ ಇಲ್ಲ. ಬೇಕಲದಂಥ ಕಡಲಬದಿಯಲ್ಲಿ ಪಾಚಿಗಿಂತ ಉಪ್ಪುಗಾಳಿಯದ್ದೇ ಉಪದ್ರ. ಅಲ್ಲಿ ಹಾದಿಬದಿಯ ಕೈಹಿಡಿ ಸರಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲೇ ಬೇಕು; 304 ಹಾಕಿದರೆ ಬೇಗನೆ ಕಂದು ಕಲೆ ಬರುತ್ತದೆ.

ಉಳಿದದ್ದು ಹಾದಿಯ ಬಾಯಲ್ಲಿ ನೆಡುವ ಅಡ್ಡಗಂಬಗಳ ಪ್ರಶ್ನೆ. ಪಿಕಪ್ ಒಳನುಗ್ಗದಂತೆ ಕಂಬ ನೆಡಲೇಬೇಕು, ಒಂದು ಪಿಕಪ್ ನಾಲ್ಕು ದಿನ ಓಡಾಡಿದರೆ ಚಕ್ರದ ಜಾಡಿನಲ್ಲಿ ಬ್ಲಾಕ್ ಕುಸಿಯುತ್ತದೆ. ಗಾಲಿಕುರ್ಚಿ ಸಲೀಸಾಗಿ ಹೋಗಲು ಒಂದು ಮೀಟರಿಗೆ ಮೇಲೆ ಸಂದು ಬಿಡಬೇಕು. ಗಾಲಿಕುರ್ಚಿಯನ್ನು ಬಿಟ್ಟು ಸ್ಕೂಟರನ್ನು ತಡೆಯುವ ಕಂಬ ಇನ್ನೂ ಹುಟ್ಟಿಲ್ಲ. ಮೀನಿನ ಸ್ಕೂಟರ್ ಅದೇ ಸಂದಿನಲ್ಲಿ ಹಾರ್ನ್ ಹಾಕುತ್ತ ಒಳಬರುತ್ತದೆ. ಅದನ್ನು ಬೈಯುತ್ತಿದ್ದವರೇ ಕಂಬಕ್ಕೆ ಒರಗಿ ಬಂಗುಡೆಗೆ ಕ್ರಯ ಕೇಳುತ್ತಾರೆ.