ಆಟಿಯಲ್ಲೊಂದು ಆಟ

ಮಳೆಗಾಲದಲ್ಲಿ ಉಡುಪಿ ಕಡೆಯ ಹೆಂಚಿನ ಶಾಲೆಯಲ್ಲಿ ಗಣಿತ ಪಾಠ ಮಾಡುವುದೆಂದರೆ ಮಳೆಯೊಂದಿಗೆ ಗಂಟಲಿನ ಪೈಪೋಟಿ. ಯಾವಾಗಲೂ ಮಳೆಯೇ ಗೆಲ್ಲುತ್ತದೆ. ಹಿಂದಿನ ಬೆಂಚಿನವರಿಗೆ ನನ್ನ ಬಾಯಿ ಅಲ್ಲಾಡುವುದಷ್ಟೇ ಕಾಣುತ್ತದೆ. ಅದರಿಂದ ಅವರಿಗೆ ಬೇಸರವಾದಂತೆಯೂ ಕಾಣುವುದಿಲ್ಲ. ಹೀಗಿರುವಾಗ ಒಂದು ತರಬೇತಿಯಲ್ಲಿ, ಮಕ್ಕಳು ಎಲ್ಲಿರುತ್ತಾರೋ ಅಲ್ಲಿಗೇ ಗಣಿತ ಹೋಗಬೇಕು, ಅಂದರೆ ಮೊಬೈಲಿನೊಳಗೆ, ಎಂದು ಹೇಳಿಕೊಟ್ಟರು. ಮಧ್ಯಾಹ್ನ ಪಾಯಸವೂ ಇತ್ತು. ಎರಡರ ಅಮಲಿನಲ್ಲಿ ಮನೆಗೆ ಬಂದೆ.

ಮೊದಲ ಪ್ರಯೋಗವಾಗಿ ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ 8÷2(2+2) ಎಷ್ಟು ಎಂದು ಹಾಕಿದೆ. 2019ರಲ್ಲಿ ಜಗತ್ತನ್ನೇ ಜಗಳಕ್ಕೆ ಹಚ್ಚಿದ ಲೆಕ್ಕ ಇದು. ಎಡದಿಂದ ಬಲಕ್ಕೆ ಬಿಡಿಸಿದರೆ 16. 2(2+2) ಅನ್ನು ಒಂದೇ ಗಂಟು ಎಂದು ಹಿಡಿದರೆ 1. ಐಬು ಇರುವುದು ಬರೆದ ರೀತಿಯಲ್ಲಿ, ಕಂಸ ಹಾಕುವುದನ್ನು ಕಲಿಯಿರಿ ಎನ್ನುವುದು ನನ್ನ ಪಾಠ. ಆದರೆ ಗುಂಪಿನಲ್ಲಿದ್ದ ನಂಬರುಗಳೆಲ್ಲ ಹೆತ್ತವರದ್ದು. ರಾತ್ರಿ ಹನ್ನೊಂದಕ್ಕೆ ಬ್ಯಾಂಕಿನ ಅಪ್ಪ 16ರ ಪರ, ಮಸ್ಕತ್ತಿನ ಅಪ್ಪ 1ರ ಪರ, ಇಬ್ಬರೂ ತಮ್ಮ ತಮ್ಮ ಕ್ಯಾಲ್ಕುಲೇಟರಿನ ಫೋಟೋ ಹಾಕಿ ಗುದ್ದಾಡುತ್ತಿದ್ದರು. ಮಕ್ಕಳು ಮಲಗಿದ್ದರು.

ಅಷ್ಟಕ್ಕೇ ಬುದ್ಧಿ ಬರಬೇಕಿತ್ತು. ಆದರೆ ಮುಂದಿನ ವಾರ ಸಂಭವನೀಯತೆ ಪಾಠ. ದಾಳ, ನಾಣ್ಯ, ಇಸ್ಪೀಟು ಯಾರಿಗೆ ಬೇಕು? ತುಳುವರ ಆಟಿ ತಿಂಗಳು, ಜಡಿಮಳೆಯ ಕಾಲ, ಹೊರಗೆ ರೆಡ್ ಅಲರ್ಟ್, ಅಂದರೆ 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಹೆಚ್ಚು ಮಳೆಯಾಗಬಹುದೆಂಬ ಮುನ್ಸೂಚನೆ. ಇಲ್ಲಿಯ ಮಕ್ಕಳು ದೇವರಿಗಿಂತ ಹೆಚ್ಚು ಭಕ್ತಿಯಿಂದ ಕಾಯುವುದು ಜಿಲ್ಲಾಧಿಕಾರಿಗಳ ರಜೆಯ ಆದೇಶವನ್ನು. ಸಂಜೆ ಗುಂಪಿನಲ್ಲಿ ಒಂದು ಪೋಲ್ ಹಾಕಿದೆ: "ನಾಳೆ ಮಳೆ ರಜೆ. ಇದರ ಸಂಭವನೀಯತೆ ಎಷ್ಟು?" ಉತ್ತರಗಳು ಸೊನ್ನೆ, ಕಾಲು, ಅರ್ಧ, ಮುಕ್ಕಾಲು, ಒಂದು.

ಆ ಪೂರ್ಣವಿರಾಮವನ್ನು ಯಾಕೆ ಹಾಕಿದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಂಸದ ಬಗ್ಗೆ ಊರಿಗೆಲ್ಲ ಉಪದೇಶ ಮಾಡಿದವಳು ನಾನು.

ಹತ್ತು ನಿಮಿಷದಲ್ಲಿ 31 ಮತ ಬಿತ್ತು, ಎಲ್ಲವೂ "ಒಂದು"ಕ್ಕೆ. ಖಚಿತ ಘಟನೆಯ ಸಂಭವನೀಯತೆ ಒಂದು ಎನ್ನುವುದು ಇಷ್ಟು ಬೇಗ ತಲೆಗೆ ಹೋಯಿತಲ್ಲ ಎಂದು ಹಿಗ್ಗಿದೆ. ಒಂಬತ್ತೂವರೆಗೆ ಅಡುಗೆಮನೆಯಿಂದ ಅತ್ತೆಯ ದನಿ ಬಂತು.

"ನಾಳೆ ನಿನಗೆ ರಜೆಯಂತೆ. ಪತ್ರೊಡೆಗೆ ಅಕ್ಕಿ ನೆನೆಹಾಕುತ್ತೇನೆ."

"ಯಾರು ಹೇಳಿದ್ದು ಅತ್ತೆ?"

"ನಿನ್ನ ಹೆಸರೇ ಉಂಟಲ್ಲ ಇದರಲ್ಲಿ!"

ಯಾರೋ ಪುಣ್ಯಾತ್ಮರು ನನ್ನ ಹೆಸರನ್ನೂ ಪೂರ್ಣವಿರಾಮದವರೆಗಿನ ಮಾತನ್ನೂ ಉಳಿಸಿಕೊಂಡು ಕೆಳಗಿನದ್ದನ್ನು ಕತ್ತರಿಸಿ ಸ್ಕ್ರೀನ್‌ಶಾಟ್ ಹರಿಯಬಿಟ್ಟಿದ್ದರು. ಅತ್ತೆಯ ಭಜನಾ ಮಂಡಳಿಯ ಗುಂಪಿಗೆ ಅದು, ಹಲವು ಕೈ ದಾಟಿ ಬಂದದ್ದೆಂದು ಸಾರುವ ಜೋಡಿ ಬಾಣದ ಗುರುತು ಹೊತ್ತು ಬಂದಿತ್ತು. ಸುಳ್ಳು ಸುದ್ದಿ ಹಬ್ಬದಿರಲೆಂದು 2018ರಲ್ಲಿ ವಾಟ್ಸ್ಆ್ಯಪ್ ನಮ್ಮ ದೇಶದಲ್ಲಿ ಒಮ್ಮೆಗೆ ಐದೇ ಕಡೆ ಕಳುಹಿಸಬಹುದು ಎಂದು ಕಟ್ಟು ಹಾಕಿತು. ಐದು ಕಡಿಮೆಯೇ? 5, 25, 125, 625. ಹತ್ತನೆಯವರ ಪುಸ್ತಕದಲ್ಲಿರುವುದು ಕೂಡುತ್ತಾ ಹೋಗುವ ಸಮಾಂತರ ಶ್ರೇಢಿ. ನಾನು ಗುಣಿಸುತ್ತಾ ಹೋಗುವ ಗುಣೋತ್ತರ ಶ್ರೇಢಿಯ ಪ್ರಾತ್ಯಕ್ಷಿಕೆಯನ್ನೇ ಕೊಟ್ಟುಬಿಟ್ಟಿದ್ದೆ. ಗಾಬರಿಯಲ್ಲಿ ಮೂಲ ಸಂದೇಶ ಅಳಿಸಿದೆ. ಅದರಿಂದ ಜನರಿಗೆ ನಂಬಿಕೆ ಇನ್ನೂ ಗಟ್ಟಿಯಾಯಿತು. ಮೇಲಿನವರು ಹೇಳುವ ಮೊದಲೇ ಟೀಚರ್ ಬಾಯಿಬಿಟ್ಟರು, ಬೈಗುಳ ತಿಂದು ಅಳಿಸಿದರು ಎಂದು ಒಬ್ಬರು ವಿವರಿಸಿದ್ದರು.

ಬೆಳಿಗ್ಗೆ ಎದ್ದರೆ ಚುರುಚುರು ಬಿಸಿಲು. ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಬಿರಿಯುತ್ತದೆ ಎಂಬ ತುಳು ಗಾದೆಯನ್ನು ಸಾಬೀತು ಮಾಡಲು ಅದು ಆ ದಿನವನ್ನೇ ಆರಿಸಿಕೊಂಡಿತ್ತು. 38 ಮಕ್ಕಳಲ್ಲಿ ಬಂದವರು 13. ಬಾರದವರಿಗಿಂತ ಬಂದವರಿಗೇ ನನ್ನ ಮೇಲೆ ಹೆಚ್ಚು ಸಿಟ್ಟು.

ಹೆಡ್‌ಮಾಸ್ಟರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಟೀಚರೇ, ರಜೆ ಕೊಡುವ ಅಧಿಕಾರ ನನಗೇ ಇಲ್ಲ. ನಿಮಗೆ ಯಾವಾಗ ಬಂತು?" ಇನ್ನು ಮೊಬೈಲು ಮುಟ್ಟಕೂಡದು, ಆಡಿಸುವುದಿದ್ದರೆ ಕರೆಂಟು ಬೇಡದ್ದನ್ನು ಆಡಿಸಿ ಎಂದರು. ಸಂಜೆ ಮನೆಯಲ್ಲಿ ಪತ್ರೊಡೆ ಮಾತ್ರ ಚೆನ್ನಾಗಿತ್ತು.

ಕರೆಂಟು ಬೇಡದ್ದು ಎಂದರೆ ಚೆನ್ನೆಮಣೆ, ಅಂದರೆ ಅಳಿಗುಳಿ ಮಣೆ. ಆಟಿಯ ಆಟವೇ ಅದು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು 56. ಯಾವ ಗುಳಿಯಿಂದ ಎತ್ತಿದರೆ ಕೊನೆಯ ಕಾಯಿ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕುವುದರಲ್ಲೇ ಭಾಗಾಕಾರ, ಶೇಷ ಎಲ್ಲವೂ ಇದೆ. ನಿಜಕ್ಕೂ ಮಕ್ಕಳು ಮೈಮರೆತು ಆಡಿದರು. ನಾನು ಹುಷಾರಾಗಿ ಜೋಡಿಗಳನ್ನು ಮಾಡಿದ್ದೆ. ಜಗಳವಾಗಬಾರದೆಂದು ಅವಳಿ ಅಕ್ಕತಂಗಿಯರನ್ನು ಎದುರುಬದುರು ಕೂರಿಸಿದ್ದೆ.

ಮರುದಿನ ಅವರ ಅಜ್ಜಿ ಕೊಡೆ ಊರಿಕೊಂಡು ಬಂದರು.

"ಟೀಚರೇ, ನೀವು ಈ ಊರಿನವರೇ ಅಲ್ಲವಾ? ಸಿರಿಯ ಪಾಡ್ದನ ಕೇಳಿದವರು ಅಲ್ಲವಾ?"

ನಾಲಿಗೆ ಕಚ್ಚಿಕೊಂಡೆ. ಅಬ್ಬಗ, ದಾರಗ. ಪಾಡ್ದನದ, ಅಂದರೆ ತುಳುವಿನ ಜನಪದ ಕಥನಗೀತೆಯ, ಆ ಅವಳಿಗಳು ಚೆನ್ನೆ ಆಡುತ್ತಾ ಜಗಳಕ್ಕೆ ಬಿದ್ದು, ಒಬ್ಬಳು ಇನ್ನೊಬ್ಬಳಿಗೆ ಮಣೆಯಿಂದಲೇ ಹೊಡೆದು, ಕೊನೆಗೆ ಇಬ್ಬರೂ ಸತ್ತ ಕಥೆ ತುಳುನಾಡಿನ ಯಾವ ಅಜ್ಜಿಗೆ ಗೊತ್ತಿಲ್ಲ? ಜೋಡಿ ಬದಲಿಸುತ್ತೇನೆ ಎಂದು ಕೈ ಮುಗಿದೆ. ಅಜ್ಜಿ ಸಮಾಧಾನಗೊಂಡು ಎದ್ದರು. ಜಗಲಿಯಲ್ಲಿ ಕೊಡೆ ಬಿಡಿಸುತ್ತಾ ಕಪ್ಪಿಟ್ಟ ಮೋಡ ನೋಡಿದರು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು.

"ಟೀಚರೇ, ನಾಳೆ ರಜೆ ಉಂಟಾ?"

ನಾನು ಬಾಯಿ ಬಿಡಲಿಲ್ಲ.