ಪರ–ವಿರೋಧ: ಕೈದಾಳಕ್ಕೆ ಬಂದ ಮಕ್ಕಳಿಗೆ ಜಕಣಾಚಾರಿಯ ಕಥೆ ಹೇಳಬೇಕೆ?

ಪರ
(ಬರೆದವರು: ಗೂಳೂರು ಕಡೆಯ ಕಲ್ಲುಕೆಲಸದ ಮನೆಯ ಮಗಳು, ಪ್ರೌಢಶಾಲೆಯ ಕನ್ನಡ ಶಿಕ್ಷಕಿ)

ಪ್ರತಿ ವರ್ಷ ನಮ್ಮ ಎಂಟನೇ ತರಗತಿಯ ಮಕ್ಕಳನ್ನು ಕೈದಾಳಕ್ಕೆ ಕರೆದುಕೊಂಡು ಹೋಗುತ್ತೇನೆ. ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದು ಗೂಳೂರಿಗೆ ಬಂದರೆ ಆಯಿತು, ಕೈದಾಳ ಅಲ್ಲೇ ಪಕ್ಕ. ಗೂಳೂರಿನ ಮಣ್ಣಿನ ಗಣಪನನ್ನು ನೋಡಲು ದೀಪಾವಳಿ ಕಳೆದ ಮೇಲೆ ಜನವೋ ಜನ. ಕೈದಾಳದ ಚೆನ್ನಿಗರಾಯನ, ಅಂದರೆ ಕೇಶವನ, ಗುಡಿಗೆ ಅಷ್ಟು ಜನ ಬರುವುದಿಲ್ಲ. ಮಕ್ಕಳು ಬಸ್ಸಿಳಿದು ಪುಳಿಯೋಗರೆ ಡಬ್ಬಿ ಬಿಚ್ಚುವ ಆತುರದಲ್ಲಿರುತ್ತಾರೆ. ಇದು ಹೊಯ್ಸಳರ ಕಾಲದ್ದು, ಇದು ನವರಂಗ, ಇದು ಸುಕನಾಸಿ ಎಂದು ಹೇಳುತ್ತಾ ಹೋದರೆ ಹಿಂದಿನ ಸಾಲಿನವರು ಆಗಲೇ ಹೊರಗೆ ಕಾಲಿಟ್ಟಿರುತ್ತಾರೆ. "ಜಕಣಾಚಾರಿ ತನ್ನ ಬಲಗೈಯನ್ನು ತಾನೇ ಕಡಿದುಕೊಂಡ" ಎಂದು ಶುರುಮಾಡಿ ನೋಡಿ. ಎಲ್ಲರೂ ಗಪ್‌ಚುಪ್ ಕೂರುತ್ತಾರೆ.

ಕಥೆ ನಿಮಗೂ ಗೊತ್ತು. ಕ್ರೀಡಾಪುರದಲ್ಲಿ ಹುಟ್ಟಿದ ಶಿಲ್ಪಿ, ಹೆಂಡತಿಯನ್ನೂ ಊರನ್ನೂ ಬಿಟ್ಟು ಕಲ್ಲಿನ ಹಿಂದೆ ಹೋದವನು, ಬೇಲೂರಿನಲ್ಲಿ ಚೆನ್ನಿಗರಾಯನ ವಿಗ್ರಹ ಮುಗಿಸಿ ನಿಂತಿದ್ದಾನೆ. ಅಪ್ಪನನ್ನು ಹುಡುಕಿಕೊಂಡು ಹೊರಟ ಮಗ ಡಂಕಣಾಚಾರಿ ಅಲ್ಲಿಗೆ ಬಂದು, ಈತ ತನ್ನ ಅಪ್ಪ ಎಂದು ತಿಳಿಯದೆಯೇ, ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ದೋಷ ಕಂಡರೆ ನನ್ನ ಬಲಗೈಯನ್ನೇ ಕಡಿದುಕೊಳ್ಳುತ್ತೇನೆ ಎಂದು ಅಪ್ಪ ಮಾತು ಕೊಡುತ್ತಾನೆ. ಮೈಗೆಲ್ಲ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಒಣಗಿದ ಗಂಧ ಹೊಕ್ಕುಳ ಹತ್ತಿರ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಉಳಿ ಇಟ್ಟರೆ ನೀರು, ಮರಳು, ಒಂದು ಕಪ್ಪೆ. ಮಾತಿಗೆ ತಪ್ಪದ ಅಪ್ಪ ಬಲಗೈ ಕತ್ತರಿಸಿಕೊಳ್ಳುತ್ತಾನೆ. ಆಮೇಲೆ ಅಪ್ಪ ಮಗ ಸೇರಿ ಹುಟ್ಟೂರಿನಲ್ಲಿ ಕೇಶವನ ಗುಡಿ ಕಟ್ಟಿದಾಗ ಕೈ ಮತ್ತೆ ಬರುತ್ತದೆ. ಕೈ ಬಂದ ಊರು ಕೈದಾಳ.

ಇದನ್ನು ಕಟ್ಟುಕಥೆ ಎಂದು ತಳ್ಳುವವರು ಕಪ್ಪೆಯ ಹತ್ತಿರವೇ ನಿಂತುಬಿಡುತ್ತಾರೆ. ನಾನು ಕಲ್ಲಿನ ಹತ್ತಿರ ನಿಲ್ಲುತ್ತೇನೆ. ಹೊರಗೆ ನಯವಾಗಿದ್ದು ಒಳಗೆ ಟೊಳ್ಳಿರುವ ಕಲ್ಲು ಇರುತ್ತದೆ ಎಂಬುದು ಕಲ್ಲು ಮುಟ್ಟಿದ ಪ್ರತಿಯೊಬ್ಬನಿಗೂ ಗೊತ್ತು. ಹಳೆಯ ಶಾಸ್ತ್ರಗಳಲ್ಲಿ ಗರ್ಭವಿರುವ ಕಲ್ಲು ಎಂದೇ ಅದಕ್ಕೆ ಹೆಸರಿದೆ. ಮೇಲಿನ ಕಲೆ, ಬಣ್ಣ ನೋಡಿ ಒಳಗೆ ಕಪ್ಪೆ ಇದೆಯೋ ಹಲ್ಲಿ ಇದೆಯೋ ಎಂದು ತಿಳಿಯುವ ಲಕ್ಷಣಗಳನ್ನೂ ಹೇಳಿದ್ದಾರೆ. ಒದ್ದೆ ಎಲ್ಲಿ ನಿಲ್ಲುತ್ತದೋ ಅಲ್ಲಿ ಅನುಮಾನಪಡು ಎಂಬುದು ಕಸುಬಿನ ಪಾಠ. ಅಕ್ಷರ ಬಾರದ ಎಷ್ಟೋ ಮನೆಗಳಲ್ಲಿ ಆ ಪಾಠ ಕಥೆಯಾಗಿ ಉಳಿದು ಬಂದಿದೆ.

ನಮ್ಮಪ್ಪ ಒರಳು, ರುಬ್ಬುಗುಂಡು, ಬೀಸೋಕಲ್ಲು ಮಾಡುತ್ತಿದ್ದರು. ದೇವರ ವಿಗ್ರಹ ಕೆತ್ತಿದವರಲ್ಲ. ಕಲ್ಲು ಬಂದ ದಿನ ಮೊದಲ ಕೆಲಸ ಅದನ್ನು ಮಾತಾಡಿಸುವುದು. ಸುತ್ತಿಗೆಯ ಹಿಂಬದಿಯಿಂದ ನಾಲ್ಕು ಕಡೆ ತಟ್ಟಬೇಕು. ಕಂಚಿನ ಹಾಗೆ ಘಣ್ ಅಂದರೆ ಒಳ್ಳೆಯದು, ಮೊದ್ದು ಸದ್ದು ಬಂದರೆ ಬಿಟ್ಟುಬಿಡು. ನಾನು ಪಕ್ಕದಲ್ಲಿ ಕೂತು ಕಿವಿ ಕೊಡುತ್ತಿದ್ದೆ. ನನಗಾಗ ಹನ್ನೊಂದು ವರ್ಷ ಇರಬೇಕು. ಒಂದು ಒರಳಿನ ಕಲ್ಲಿಗೆ ನಾನೇ ತಟ್ಟಿ, "ಅಪ್ಪಾ, ಈ ಮೂಲೇಲಿ ದಬ್ ಅಂತೈತೆ" ಅಂದೆ. ಅಂದು ಅಪ್ಪನಿಗೆ ಬೇರೆ ಚಿಂತೆ. ಮದುವೆಮನೆಯವರ ಒರಳು, ಮುಂಗಡ ಈಸಿಕೊಂಡಾಗಿತ್ತು, ವಾರದೊಳಗೆ ಕೊಡಬೇಕಿತ್ತು. "ಸುಮ್ಕಿರವ್ವ, ನೀನೇನ್ ಬಲ್ಲೆ" ಅಂದರು.

ಒರಳು ಹೋಯಿತು. ತಿಂಗಳು ಕಳೆಯುವುದರೊಳಗೆ ಎತ್ತಿನಗಾಡಿಯಲ್ಲಿ ವಾಪಸು ಬಂತು, ಅದೇ ಮೂಲೆಯಿಂದ ಬಾಯಿ ಬಿಟ್ಟಿತ್ತು. ಅಪ್ಪ ಒಂದು ಮಾತೂ ಆಡಲಿಲ್ಲ. ಹಣ ಎಣಿಸಿ ಕೊಟ್ಟರು. ಗಾಡಿಯವನ ಬಾಡಿಗೆಯನ್ನೂ ತಾವೇ ಕೊಟ್ಟರು. ಆ ರಾತ್ರಿ ಊಟಕ್ಕೆ ಕೂತಾಗ ಮನೆಯವರೆಲ್ಲರ ಎದುರಿಗೆ, "ಇವಳು ಯೋಳಿದ್ಲು, ನಾನು ಕೇಳ್ನಿಲ್ಲ" ಅಂದರು. ಆಮೇಲೆ ಜಕಣಾಚಾರಿಯ ಕಥೆ ಹೇಳಿದರು. ಅದಕ್ಕೆ ಮುಂಚೆಯೂ ಎಷ್ಟೋ ಸಲ ಹೇಳಿದ್ದರು. ಆದರೆ ಆ ರಾತ್ರಿ ಕೈ ಕಡಿದುಕೊಳ್ಳುವ ಜಾಗಕ್ಕೆ ಬಂದಾಗ ಅವರ ದನಿ ನಡುಗಿದ್ದು ನನಗೆ ಇವತ್ತೂ ಕೇಳಿಸುತ್ತದೆ. ಅಮ್ಮ ಎದ್ದು ಒಳಗೆ ಹೋದಳು. ಮಾರನೆಯ ದಿನದಿಂದ ಕಲ್ಲು ಬಂದಾಗ ಅಪ್ಪ ಸುತ್ತಿಗೆಯನ್ನು ನನ್ನ ಕೈಗೇ ಕೊಡುತ್ತಿದ್ದರು.

ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಆ ಕೆಲಸ ನಿಂತುಹೋಯಿತು. ಅಪ್ಪ ಹೋಗಿಯೂ ವರ್ಷಗಳಾದವು. ಅವರು ಕಡೆದ ಒರಳುಗಳು ಎಷ್ಟೋ ಹಿತ್ತಿಲಲ್ಲಿ ಮಳೆನೀರು ಹಿಡಿದುಕೊಂಡು ಬಿದ್ದಿವೆ. ಯಾವುದರ ಮೇಲೂ ಅವರ ಹೆಸರಿಲ್ಲ. ಶಾಸನದಲ್ಲಿ ಹೆಸರಿಲ್ಲದವನು ಹುಟ್ಟಿಯೇ ಇಲ್ಲ ಎಂದು ವಾದಿಸುವ ವಿದ್ವಾಂಸರಿದ್ದಾರೆ. ಹಾಗಾದರೆ ನಮ್ಮಪ್ಪನೂ ಹುಟ್ಟಿರಲಿಲ್ಲ.

ಜಕಣಾಚಾರಿ ಯಾವ ಇಸವಿಯವನು ಎಂಬ ಲೆಕ್ಕಕ್ಕೆ ನಾನು ಹೋಗುವುದಿಲ್ಲ. ಇಸವಿ ಬೇಕಾದವರಿಗೆ ಪಠ್ಯಪುಸ್ತಕವಿದೆ. ನಮ್ಮ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಗೆ ಅವನ ಹೆಸರಿದೆ, ಜನವರಿ 1ರಂದು ಅವನ ಸಂಸ್ಮರಣೆ ನಡೆಯುತ್ತದೆ. ದಂಡನಾಯಕರಿಗೂ ದೊರೆಗಳಿಗೂ ಇರುವ ಹಾಗೆ ಸುತ್ತಿಗೆ ಹಿಡಿದವನಿಗೂ ಒಂದು ಹೆಸರು, ಒಂದು ದಿನ ಇದೆ. ಎಳೆಯ ಮಗುವೊಂದು ತಪ್ಪು ತೋರಿಸಿದಾಗ ತಲೆಬಾಗಿದ ದೊಡ್ಡವನ ಕಥೆ ನಮ್ಮಲ್ಲಿ ಇನ್ನೆಷ್ಟಿದೆ? ಕೈದಾಳದ ನೆಲದ ಮೇಲೆ ನಿಂತು ನಾನು ಆ ಕಥೆ ಹೇಳುತ್ತೇನೆ, ಹೇಳುತ್ತಲೇ ಇರುತ್ತೇನೆ.

ವಿರೋಧ
(ಬರೆದವರು: ನಿವೃತ್ತ ಇತಿಹಾಸ ಉಪನ್ಯಾಸಕರು, ತುಮಕೂರು)

ವಿರೋಧದ ಪಕ್ಷ ನೀವು ಬರೆಯಿರಿ ಎಂದು ಕೇಳಿದರು, ಒಪ್ಪಿಕೊಂಡೆ. ನಾನೂ ಈ ಕಥೆ ಕೇಳಿಯೇ ಬೆಳೆದವನು. 1964ರಲ್ಲಿ ಇದೇ ಶಿಲ್ಪಿಯ ಮೇಲೆ ಬಂದ ಬಣ್ಣದ ಸಿನಿಮಾ ನೋಡಿ ಬಂದ ನಮ್ಮ ಮನೆಯ ಹಿರಿಯರು ವರ್ಷಗಟ್ಟಲೆ ಅದರ ಮಾತಾಡುತ್ತಿದ್ದರು. ಕಥೆಯ ಮೇಲೆ ನನಗೆ ದ್ವೇಷವಿಲ್ಲ. ಆದರೂ ತರಗತಿಯಲ್ಲಿ ಮೂವತ್ತು ವರ್ಷ ಹೇಳಿದ್ದನ್ನು ಇಲ್ಲಿಯೂ ಹೇಳಬೇಕು.

ಮೊದಲನೆಯದು ಕಾಲ. ಬೇಲೂರಿನ ಪ್ರತಿಷ್ಠೆ 1117ರಲ್ಲಿ. ಸೋಮನಾಥಪುರದ ಕೇಶವ ದೇವಾಲಯ 1258ರದು. ಎರಡನ್ನೂ ಜನ ಜಕಣಾಚಾರಿಗೇ ಕೊಡುತ್ತಾರೆ. ನಡುವೆ 141 ವರ್ಷ. ಬೇಲೂರಿಗೆ ಬಂದಾಗ ಇಪ್ಪತ್ತರ ಹುಡುಗ ಎಂದುಕೊಂಡರೂ ಸೋಮನಾಥಪುರದ ಹೊತ್ತಿಗೆ 161 ದಾಟಿರಬೇಕು. ಕಥೆಯಲ್ಲಿ ಕ್ರೀಡಾಪುರದ ಅರಸನೆಂದು ಬರುವ ನೃಪಹಯನಿಗೆ ಹೊಯ್ಸಳರ ವಂಶಾವಳಿಯಲ್ಲಿ ಜಾಗವಿಲ್ಲ. ಇನ್ನು ಕಪ್ಪೆ. ಗಟ್ಟಿ ಕಲ್ಲಿನೊಳಗೆ ಕಪ್ಪೆ ಉಸಿರಾಡಿಕೊಂಡಿತ್ತು ಎಂದು ಎಂಟನೇ ತರಗತಿಯ ವಿಜ್ಞಾನದ ಮಕ್ಕಳನ್ನು ನಂಬಿಸಬೇಕೇ?

ಎರಡನೆಯದು ನನಗೆ ಹೆಚ್ಚು ನೋವಿನದು. ಸುತ್ತಿಗೆ ಹಿಡಿದವನಿಗೂ ಹೆಸರು ಬೇಕು ಎನ್ನುತ್ತಾರೆ. ಒಪ್ಪಿದೆ, ಹೆಸರುಗಳು ಇವೆಯಲ್ಲ! ಬೇಲೂರಿನ ಮದನಿಕೆಯರ ಪೀಠಗಳ ಮೇಲೆ ಶಿಲ್ಪಿಗಳೇ ತಮ್ಮ ಹೆಸರು ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅಪ್ಪ ಮಗ ಕೂಡಿ ಕೆಲಸ ಮಾಡಿದ್ದಕ್ಕೆ ಕಲ್ಲೇ ಸಾಕ್ಷಿ. ಸೋಮನಾಥಪುರದಲ್ಲಿ ಮಲ್ಲಿತಮ್ಮ ವಿಗ್ರಹದ ಮೇಲೆ ವಿಗ್ರಹಕ್ಕೆ ಸಹಿ ಹಾಕಿದ್ದಾನೆ. ಇಷ್ಟು ಜನರ ದುಡಿಮೆಯನ್ನೆಲ್ಲ ಒಬ್ಬ ಜಕಣಾಚಾರಿಯ ಜೋಳಿಗೆಗೆ ತುಂಬಿದರೆ ಅನ್ಯಾಯವಾಗುವುದು ಶಿಲ್ಪಿಗಳಿಗೇ. ದಾಸೋಜನ ಹೆಸರಿನ ಒಂದು ಬೀದಿ, ಒಂದು ಶಾಲೆ ನಾನು ತುಮಕೂರು ಜಿಲ್ಲೆಯಲ್ಲಿ ಕಂಡಿಲ್ಲ.

ಕೈದಾಳಕ್ಕೇ ಬರೋಣ. 12ನೆಯ ಶತಮಾನದ ನಡುವೆ, 1150ರ ಸುಮಾರಿಗೆ, ಇಲ್ಲಿ ಗುಡಿ ಕಟ್ಟಿಸಿದವನು ಹೊಯ್ಸಳರ ಸಾಮಂತ, ಮರುಗರೆನಾಡಿನ ಗೂಳಿ ಬಾಚಿ. ಈ ಮನುಷ್ಯನನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅಪ್ಪನ ಹೆಸರಿನಲ್ಲಿ ಗಂಗೇಶ್ವರನ ಗುಡಿ. ಕೇಶವನಿಗೆ ಗುಡಿ. ಹೆಂಡತಿ ಭೀಮಲೆಯ ಹೆಸರಿನಲ್ಲಿ ಬಸದಿ. ಒಂದೇ ಮನೆಯ ಯಜಮಾನ ಶಿವನಿಗೂ ವಿಷ್ಣುವಿಗೂ ಜಿನನಿಗೂ ನೆಲೆ ಮಾಡಿಕೊಟ್ಟ. ನಾಲ್ಕು ಸಮಯಗಳನ್ನೂ, ಅಂದರೆ ಧರ್ಮಪಂಥಗಳನ್ನೂ, ಪೊರೆದವನೆಂದು ಶಾಸನ ಅವನನ್ನು ಹೊಗಳುತ್ತದೆ. ಹೆಂಡತಿಯ ದೇವರು ಬೇರೆ ಎಂದು ಮುಖ ತಿರುಗಿಸದೆ ಅವಳ ಹೆಸರಿನಲ್ಲೇ ಜಿನಾಲಯ ಎತ್ತಿಸಿದ ಗಂಡ ನಮ್ಮೂರ ಪಕ್ಕದಲ್ಲಿ ಬಾಳಿದ್ದ. ಇವತ್ತಿನ ಮಕ್ಕಳಿಗೆ ಇದಕ್ಕಿಂತ ಬೇಕಾದ ಸುದ್ದಿ ಯಾವುದು? ನಾನು ಪಾಠ ಮಾಡಿದ ಅಷ್ಟೂ ವರ್ಷಗಳಲ್ಲಿ ಬಾಚಿಯ ಹೆಸರು ಮೊದಲೇ ಗೊತ್ತಿದ್ದ ವಿದ್ಯಾರ್ಥಿ ಒಬ್ಬನೂ ಸಿಗಲಿಲ್ಲ. ಜಕಣಾಚಾರಿ ಎಲ್ಲರಿಗೂ ಗೊತ್ತಿದ್ದ. ಮಂಟಪದ ಕಂಬದಲ್ಲಿ ಕೈಮುಗಿದು ನಿಂತ ಪುಟ್ಟ ವಿಗ್ರಹವೊಂದಿದೆ. ಇದೇ ಜಕಣಾಚಾರಿ ಎಂದು ತೋರಿಸುತ್ತಾರೆ. ಗುಡಿಯಲ್ಲಿ ಹಾಗೆ ಕೈಮುಗಿದು ನಿಲ್ಲುವುದು ಸಾಮಾನ್ಯವಾಗಿ ಕಟ್ಟಿಸಿದವನ ಮೂರ್ತಿ. ಅದು ಬಾಚಿಯೇ ಇರಬೇಕೆಂದು ನನ್ನ ಎಣಿಕೆ. ಅವನ ಗುಡಿಯಲ್ಲಿ, ಅವನ ಮೂರ್ತಿಯ ಎದುರಿಗೇ, ನಾವು ಇನ್ನೊಬ್ಬನ ಹೆಸರು ಹಿಡಿದು ಕರೆಯುತ್ತಿದ್ದೇವೆ.

ಕಲ್ಲಿನ ಸದ್ದು, ಕಸುಬಿನ ಪಾಠ ಇವೆಲ್ಲ ಕರಕುಶಲದ ವಿಷಯ, ಚರಿತ್ರೆಯದಲ್ಲ, ಹಾಗಾಗಿ ಅದರ ಬಗ್ಗೆ ನಾನು ಹೇಳುವುದೇನೂ ಇಲ್ಲ. ಮಕ್ಕಳಿಗೆ ಕಥೆಯನ್ನು ಮನೆಯಲ್ಲಿ ಅಜ್ಜಿ ಹೇಳಲಿ. ಗುಡಿಗೆ ಬಂದಾಗ ಶಿಕ್ಷಕರು ಶಾಸನದ ಮುಂದೆ ನಿಲ್ಲಿಸಲಿ.

ಹೋದ ವರ್ಷ ಮೊಮ್ಮಗಳನ್ನು ಬೇಲೂರಿಗೆ ಕರೆದುಕೊಂಡು ಹೋಗಿದ್ದೆ. ಮೊದಲು ಮದನಿಕೆಯರ ಹತ್ತಿರ ನಿಂತು ದಾಸೋಜನ ವಿಷಯ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಅವಳು ಒಳಗೆ ಕಾಲಿಟ್ಟವಳೇ, "ತಾತಾ, ಕಪ್ಪೆ ಚೆನ್ನಿಗರಾಯ ಎಲ್ಲಿ?" ಎಂದು ಕೈ ಹಿಡಿದು ಎಳೆದಳು. ಅಲ್ಲಿಗೇ ಮೊದಲು ಹೋದೆವು. ಹೊಕ್ಕುಳನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಗಂಧದ ಸಂಗತಿ ನಾನೇ ಹೇಳಿದೆ. ಆಮೇಲೆ ಹೊರಗೆ ಬಂದು ಕತ್ತೆತ್ತಿ ಮದನಿಕೆಯರ ಕಾಲಡಿಯ ಬರಹ ಹುಡುಕಿದೆವು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಅವಳು ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಇದು ಯಾವ ಅಕ್ಷರ ಎಂದು ಕೇಳುತ್ತಾ ಹೋದಳು. ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ಒಂದೂವರೆ ತಾಸು ಇತ್ತು, ಅಷ್ಟೂ ಹೊತ್ತು ಅಲ್ಲೇ ಇದ್ದೆವು.